ಪಡಸಾಲೆಯ ಮೂರು ಕಲ್ಲು

೧೯೪೮ರ ಬೇಸಿಗೆ. ನನಗಾಗ ಒಂಬತ್ತು ವರ್ಷ. ಅಫಜಲಪುರ ತಾಲೂಕಿನ ಕರಜಗಿಯಲ್ಲಿ ನಮ್ಮ ಮನೆ. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ನಮ್ಮ ಕಡೆ ಇನ್ನೂ ನಿಜಾಮರ ಆಳ್ವಿಕೆಯೇ ಇತ್ತು. ನಿಜಾಮರ ಕಡೆಯವರು ಅಲ್ಲಿ ಲೂಟಿ ಮಾಡಿದರು, ಇಲ್ಲಿ ಬೆಂಕಿ ಇಟ್ಟರು ಎಂಬ ಸುದ್ದಿ ದಿನವೂ ಬರುತ್ತಿತ್ತು. ಯಾವ ಮನೆಯ ಮಾಳಿಗೆಯಿಂದ ಹೊಗೆ ಏಳುವುದಿಲ್ಲವೋ ಆ ಮನೆಯ ಬಾಗಿಲು ಮೊದಲು ಮುರಿಯುತ್ತಾರೆ ಎಂದು ಜನ ಹೇಳುತ್ತಿದ್ದರು. ಕೊನೆಗೆ ಅಪ್ಪ, ಭೀಮಾ ಹೊಳೆ ದಾಟಿ ಇಂಡಿ ಸೀಮೆಯ ನನ್ನ ಸೋದರಮಾವನ ಊರಿಗೆ ಹೋಗುವುದೆಂದು ನಿರ್ಧರಿಸಿದ.

ಅವ್ವ ಸುತರಾಂ ಒಪ್ಪಲಿಲ್ಲ. ಸೊಸೆಯಾಗಿ ಬಂದ ವರ್ಷವೇ ಹೊಲದ ಮಣ್ಣು ತಂದು ತನ್ನ ಕೈಯಾರೆ ಹಾಕಿದ ಒಲೆ ಅಲ್ಲಿತ್ತು. "ಈ ಒಲಿ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ" ಎಂದು ಕೂತುಬಿಟ್ಟಳು. ಅಪ್ಪ ಮಕ್ಕಳಾದ ನಮ್ಮ ನಾಲ್ವರನ್ನೂ ತಂದು ಅವಳೆದುರು ಸಾಲಾಗಿ ನಿಲ್ಲಿಸಿದ. ಅವ್ವ ಎದ್ದಳು.

ಸೋದರಮಾವನ ಬಸುರಿ ಹೆಂಡತಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೊರಟವರಂತೆ ಹಗಲಲ್ಲೇ ಹೊರಟೆವು. ಅನುಮಾನ ಬರಬಾರದೆಂದು ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಕುಬಸಕ್ಕೆ ಹೋಗುವವರು ಅಳುವಂತಿಲ್ಲವಲ್ಲ, ತುಟಿ ಕಚ್ಚಿ ನಿಂತಿದ್ದಳು.

ಪಕ್ಕದ ಮನೆಯ ಖಾಸಿಂಬಿಯನ್ನು ನಾವು ಮಕ್ಕಳು ಖಾಲಾ, ಅಂದರೆ ಚಿಗವ್ವ, ಎನ್ನುತ್ತಿದ್ದೆವು. ಗಂಡ ಸತ್ತ ಮೇಲೆ ಕೂಲಿ ಮಾಡಿ ಎರಡು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಹೊರಡುವ ಮೊದಲು ಅವ್ವ ತಲಬಾಗಿಲ ಕೀಲಿಕೈ ಅವಳಿಗೆ ಕೊಟ್ಟು, "ಕಸಾ ಹೊಡದು, ಸಂಜಿಗಿ ಪಡಸಾಲ್ಯಾಗ ದೀಪಾ ಹಚ್ಚು, ಸಾಕು" ಎಂದಳು.

"ನೀವು ಬರೂತನಾ ಮನಿ ಖಾಲಿ ಅನಿಸಗೊಡೂದಿಲ್ರಿ ಅಕ್ಕಾ" ಎಂದಳು ಖಾಲಾ.

ಅಡುಗೆಮನೆಗೆ ಮಾತ್ರ ಅವ್ವ ಬೇರೆ ಕೀಲಿ ಹಾಕಿ, ಅದರ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಲಿಂಗವಂತರಾದ ನಮ್ಮ ಅಡುಗೆಮನೆಯ ಹೊಸ್ತಿಲನ್ನು ಬೇರೆಯವರು ದಾಟುವ ರೂಢಿ ಆಗ ಇರಲಿಲ್ಲ. ಅಷ್ಟು ವರ್ಷದ ಬಳಕೆಯಲ್ಲೂ ಖಾಲಾ ಪಡಸಾಲೆಯಿಂದ ಒಳಗೆ ಬಂದವಳಲ್ಲ. ಆ ಕ್ಷಣ ಅದು ತಪ್ಪೆಂದು ನಮಗ್ಯಾರಿಗೂ ಅನಿಸಲೂ ಇಲ್ಲ.

ಮಾವನ ಊರಲ್ಲಿ ಅವ್ವ ರೊಟ್ಟಿ ಬಡಿಯುವಾಗೆಲ್ಲ ಒಂದೇ ಮಾತು: "ನನ್ನ ಮನಿ ಏನಾಗೇದೋ." ಮಳೆಗಾಲದ ಕೊನೆಗೆ ಭಾರತದ ಫೌಜು ಬಂದು ನಿಜಾಮರ ಆಳ್ವಿಕೆ ಮುಗಿಯಿತು. ಹೊಳೆ ಇಳಿಯುವುದನ್ನೂ ಕಾಯದೆ ಅವ್ವ ನಮ್ಮನ್ನು ದೋಣಿ ಹತ್ತಿಸಿದಳು.

ಓಣಿಯಲ್ಲಿ ಬಿಟ್ಟುಹೋದ ಮೂರು ಮನೆಗಳ ಬಾಗಿಲು ಮುರಿದಿದ್ದವು. ನಮ್ಮ ಮನೆ ಹೇಗಿತ್ತೋ ಹಾಗೇ ಇತ್ತು. ಒಳಗೆ ಕಾಲಿಟ್ಟರೆ ಪಡಸಾಲೆಯ ಬೆಳಕಿಂಡಿಯ ಕೆಳಗೆ ಮೂರು ಕಲ್ಲು, ನಡುವೆ ಬೂದಿ, ಮೇಲೆ ಜಂತಿಯೆಲ್ಲ ಕರಿ ಹಿಡಿದಿತ್ತು. ಅಡುಗೆಮನೆಯ ಕೀಲಿಯ ಮೇಲೆ ಜೇಡ ಬಲೆ ಕಟ್ಟಿತ್ತು.

ಖಾಲಾ ತನ್ನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಕಾಲ ತಿರುಗಿತ್ತು, ನಿಜಾಮರ ಕಡೆಯವರ ಮೇಲಿನ ಸಿಟ್ಟನ್ನು ಜನ ಈಗ ಬಡ ಮುಸಲ್ಮಾನರ ಮೇಲೆ ತೀರಿಸಿಕೊಳ್ಳುತ್ತಿದ್ದರು, ಹೆದರುವ ಸರದಿ ಅವಳದಾಗಿತ್ತು. ಅವ್ವನ ದನಿ ಕೇಳಿದ ಮೇಲೆಯೇ ಬಾಗಿಲು ತೆರೆದಳು.

"ಹೊತ್ತು ಹೊತ್ತಿಗೆ ನಮ್ಮ ರೊಟ್ಟಿ ಅಲ್ಲೇ ಮಾಡಿದ್ನಿರಿ ಅಕ್ಕಾ. ಹೊಗಿ ಕಂಡ್ರ ಒಳಗ ಮಂದಿ ಅದಾರ ಅಂತ ತಿಳೀತಾರ. ಜಂತಿ ಕರಿ ಆಗ್ಯಾವು, ಬೈಬ್ಯಾಡ್ರಿ."

"ಆ ಸಣ್ಣ ಕೀಲಿ ಒಡದು ಒಳಗಿನ ಒಲಿ ಹಚ್ಚಬಾರದಿತ್ತೇನ?"

"ನೀವು ಕೊಡಲಾರದ ಕೀಲಿ ನಾ ಹೆಂಗ್ ಒಡೀಲ್ರಿ?"

ಅವ್ವ ಅಲ್ಲೇ ಸೆರಗು ಬಾಯಿಗಿಟ್ಟು ಅತ್ತಳು. ಹೊಳೆ ದಾಟುವಾಗಲೂ ಅಳದವಳು. ಆಮೇಲೆ ಖಾಲಾಳ ಕೈ ಹಿಡಿದು, ಅವಳ ಮಕ್ಕಳನ್ನೂ ಮುಂದೆ ಮಾಡಿಕೊಂಡು ನಮ್ಮ ಮನೆಗೆ ಬಂದಳು. ಸೊಂಟದ ಕೀಲಿಕೈ ತೆಗೆದು ಅಡುಗೆಮನೆ ತೆರೆದಳು.

"ಎಲ್ಲಾ ತಣ್ಣಗಾಗೂತನಾ ನೀವು ಮೂರೂ ಮಂದಿ ಇಲ್ಲೇ ಇರ್ರಿ. ಇವತ್ತಿನ ರೊಟ್ಟಿ ನೀನ ಮಾಡು" ಎಂದಳು.

ಖಾಲಾ ಹೊಸ್ತಿಲಲ್ಲಿ ತಡೆದು ನಿಂತಳು. ಅವ್ವ ಕೈ ಬಿಡಲಿಲ್ಲ.

ಆ ದಿನ ಅವ್ವನ ಒಲೆಯ ಮುಂದೆ ಖಾಲಾ ಕೂತು ಬಡಿದ ಬಿಸಿ ರೊಟ್ಟಿಯನ್ನು ನಮ್ಮ ಮನೆಯವರು ಆರೂ ಮಂದಿ ತಿಂದೆವು. ಮೊದಲ ರೊಟ್ಟಿ ಅವ್ವನೇ ಕೈಯೊಡ್ಡಿ ಇಸಿದುಕೊಂಡಳು. ಇಬ್ಬರೂ ಈಗಿಲ್ಲ. ಖಾಲಾಳಷ್ಟು ದೊಡ್ಡ ಮನಸ್ಸಿನವರನ್ನು ಆಮೇಲೆ ನಾನು ಕಂಡಿಲ್ಲ. ಅವ್ವ ಸಾಯುವವರೆಗೂ ನಮ್ಮ ಅಡುಗೆಮನೆಗೆ ಮತ್ತೆ ಕೀಲಿ ಬೀಳಲಿಲ್ಲ.