ಉದ್ದ ಕಿವಿಯ ರಾಜರು, ನಮ್ಮ ಅಕ್ಕ

ನಮ್ಮ ಅಕ್ಕನ ಕಿವಿ ಭುಜಕ್ಕೆ ತಾಗುತ್ತಿತ್ತು ಎಂದರೆ ಸುಳ್ಳಾಗುತ್ತದೆ, ಆದರೆ ಹತ್ತಿರ ಹತ್ತಿರ ಬಂದಿತ್ತು. ಹೊಸೂರಿನಾಚೆ ಅಜ್ಜಿಯ ಊರಲ್ಲಿ ಹೆಣ್ಣುಕೂಸಿನ ಕಿವಿ ಚುಚ್ಚಿ, ತೂತಿಗೆ ತಾಳೆಗರಿಯ ಸುರುಳಿ ತುರುಕಿ, ಆಮೇಲೆ ಸೀಸದ ಗುಂಡು ತೂಗಿಬಿಟ್ಟು ಹಾಲೆಯನ್ನು ಜೋಲಿಸುವುದು ಪದ್ಧತಿ. ಎಷ್ಟು ಜೋತರೆ ಅಷ್ಟು ಚಿನ್ನ ಹಿಡಿಯುತ್ತದೆ, ಅಷ್ಟು ಒಳ್ಳೆಯ ಮನೆ ಸಿಗುತ್ತದೆ ಎಂಬ ಲೆಕ್ಕ. ಅಕ್ಕ ಅಲ್ಲೇ ಬೆಳೆದು ಓದಲು ನಮ್ಮಲ್ಲಿಗೆ ಬಂದಳು, ಅವಳ ಹಿಂದೆಯೇ ಅಜ್ಜಿಯೂ. ನಾನು ಹುಟ್ಟಿದ್ದು ಹಲಸೂರಿನಲ್ಲಿ. ಅಮ್ಮ ಹಟ ಹಿಡಿದಳು, ನಾನು ಬಚಾವಾದೆ.

ಅದು ಯುದ್ಧದ ಕಾಲ, ದಂಡಿನ, ಅಂದರೆ ನಮ್ಮ ಕಂಟೋನ್ಮೆಂಟಿನ, ತುಂಬ ಸೋಲ್ಜರುಗಳು. ಅಕ್ಕ ಟ್ರೈನಿಂಗ್ ಮುಗಿಸಿ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಟೀಚರಾಗಿ ಸೇರಿದ್ದಳು. ಅವಳು ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನಿಂದ ಕಿಸಕ್ಕನೆ ನಗು. ಬೇಸಿಗೆಯಲ್ಲೂ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡೇ ಪಾಠ ಮಾಡುತ್ತಿದ್ದಳು. ರಜೆ ಶುರುವಾದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಹೇಳಿಬಿಟ್ಟಳು.

"ಆಸ್ಪತ್ರೇಲಿ ಇದನ್ನ ಕತ್ತರಿಸಿ ಹೊಲೀತಾರಂತೆ. ಸ್ಕೂಲ್ ತೆರೆಯೋಕ್ ಮುಂಚೆ ಮಾಡಿಸ್ಕೊಂಡ್ಬಿಡ್ತೀನಿ. ಇಲ್ದಿದ್ರೆ ಕೆಲಸ ಬಿಟ್ಬಿಡ್ತೀನಿ."

ಅಜ್ಜಿ ತಟ್ಟೆ ತಳ್ಳಿದಳು. ಅವಳೂರಲ್ಲಿ ಕಿವಿ ಕೊಯ್ಯುವುದೆಂದರೆ ಕೆಟ್ಟುಹೋದ ಹೆಂಗಸಿಗೆ ಮಾಡುವ ಶಿಕ್ಷೆ. "ಎಣ್ಣೆ ಹಚ್ಚಿ ಹಚ್ಚಿ ನಾನ್ ಬೆಳೆಸಿದ್ ಕಿವಿ ಕಣೇ ಅದು!" ಎಂದು ಅತ್ತಳು. ಅಕ್ಕನೂ ಅತ್ತಳು. ಸಾರು ಆರಿಹೋಯಿತು.

ನಾನು ಸುಮ್ಮನಿರುವ ಪೈಕಿಯಲ್ಲ. ನಮ್ಮ ಬೀದಿಯ ಕೊನೆಯಲ್ಲೇ ಇದ್ದ ಹಿಸ್ಟರಿ ಮೇಡಮ್ ಮನೆಗೆ ಹೋಗಿ, ಈ ಕಿವಿ ಜೋಲಿಸುವ ಪದ್ಧತಿ ಎಲ್ಲಿಂದ ಬಂತು ಎಂದು ಕೇಳಿದೆ. ಅವರು ಚಿತ್ರಗಳ ದೊಡ್ಡ ಪುಸ್ತಕವೊಂದನ್ನು ತೆರೆದರು. ಮಣ್ಣಿನಡಿ ಸಿಕ್ಕ ಪಟ್ಟಣಗಳ ಕೆಂಪು ಕಲ್ಲಿನ ಮಣಿಗಳು, ತೋಳಬಂದಿ ತೊಟ್ಟ ರಾಜರು, ಮೈಮೇಲೆ ಬರೀ ಒಡವೆಯೇ ಇದ್ದಂತಿದ್ದ ಕಲ್ಲಿನ ನರ್ತಕಿಯರು. ಆಗ ಗಂಡಸರೂ ಹೆಂಗಸರಷ್ಟೇ ಹೇರಿಕೊಳ್ಳುತ್ತಿದ್ದರಂತೆ. ರಾಣಿಯರ ಕಿವಿಗೂ ಮೊದಲು ಹೋದದ್ದು ತಾಳೆಗರಿಯೇ, ದಂತ, ಚಿನ್ನ ಎಲ್ಲ ಆಮೇಲೆ. ಕೊನೆಗೆ ಬುದ್ಧನ ವಿಗ್ರಹ ತೋರಿಸಿದರು. ಉದ್ದ ಹಾಲೆ, ಅದರಲ್ಲಿ ಏನೂ ಇಲ್ಲ.

"ರಾಜಕುಮಾರ ಆಗಿದ್ದಾಗ ಹಾಕ್ಕೊಂಡಿದ್ದ ಕುಂಡಲದ ಭಾರಕ್ಕೆ ಜೋತದ್ದಮ್ಮ. ಮನೆ ಬಿಡೋವಾಗ ಬಿಚ್ಚಿಟ್ಟ. ಕಿವಿ ಹಾಗೇ ಉಳೀತು" ಎಂದರು.

ಪುಸ್ತಕವನ್ನು ಗೋಗರೆದು ತಂದೆ. ಅಕ್ಕನದು ರಾಜರ ಕಿವಿ ಎಂದು ತೋರಿಸಿದರೆ ಜಗಳ ಮುಗಿದಂತೆ ಎಂದು ನನ್ನ ಜಂಬ. ಅಜ್ಜಿ ಒಂದೊಂದು ಚಿತ್ರಕ್ಕೂ ಬೆರಳಿಟ್ಟು, "ನೋಡ್ದ್ಯಾ? ನಮ್ಮೂರ್ ಕಿವಿ!" ಎಂದು ಹಿಗ್ಗಿದಳು. ಅಕ್ಕ ಬುದ್ಧನ ಚಿತ್ರವನ್ನೇ ನೋಡುತ್ತ ಕೂತಿದ್ದಳು.

"ಅಜ್ಜೀ, ಇವನಿಗೆ ಬೇಡ ಅನ್ನಿಸ್ತು, ಬಿಚ್ಚಿಟ್ಟ. ನಾನ್ ಕೇಳ್ತಿರೋದೂ ಅಷ್ಟೇ. ಚುಚ್ಚೋವಾಗ ಯಾರೂ ನನ್ನ ಕೇಳ್ಲಿಲ್ಲ" ಎಂದಳು.

ನನಗೆ ಸಿಟ್ಟು ಬಂತು. ನಾನು ಹೊತ್ತು ತಂದ ಚರಿತ್ರೆಯನ್ನು ನನಗೇ ತಿರುಗಿಸಿ ಹೊಡೆದಿದ್ದಳು. ಅಜ್ಜಿ ಪುಸ್ತಕ ಮುಚ್ಚಿಟ್ಟು ಒಳಗೆ ಹೋದಳು. ವಾರ ಕಳೆದು ಅಕ್ಕ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಅಜ್ಜಿ ಒಳ್ಳೆಯ ಸೀರೆ ಉಟ್ಟು ಹೊರಗೆ ಬಂದು, "ಜಟಕಾ ಕರೀರಿ, ನಾನೂ ಬರ್ತೀನಿ. ಅವಳ ಕೈ ಯಾರ್ ಹಿಡ್ಕೋತಾರೆ?" ಎಂದಳು.

ಈಗ ಶಿವಾಜಿನಗರ ಎನ್ನುವ ಆಗಿನ ಬ್ಲಾಕ್‌ಪಲ್ಲಿಯ ಕಡೆ ಆಸ್ಪತ್ರೆ. ಡಾಕ್ಟರಮ್ಮ ಹೆಚ್ಚಾದದ್ದನ್ನು ಕತ್ತರಿಸಿ ಅಂಚು ಕೂಡಿಸಿ ಹೊಲಿದರು. ಅಜ್ಜಿ ಅಕ್ಕನ ಕೈ ಬಿಡಲೇ ಇಲ್ಲ. ನಾನು ಬಾಗಿಲ ಬಳಿ ನಿಂತು ಕಣ್ಣು ಮುಚ್ಚಿಕೊಂಡಿದ್ದೆ. ಎಲ್ಲ ಮುಗಿದು ಬ್ಯಾಂಡೇಜು ಕಟ್ಟಿದ ಮೇಲೆ ಅಕ್ಕ ಕನ್ನಡಿ ಕೇಳಿ, ನೋಡಿಕೊಂಡು, ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ಸೆರಗನ್ನು ಹೆಗಲಿಗೆ ಬಿಟ್ಟಿದ್ದಳು.

ಅಜ್ಜಿ ಅವಳನ್ನೇ ನೋಡುತ್ತಿದ್ದಳು. ಆಮೇಲೆ ಕೈಯೆತ್ತಿ ಭುಜದ ತನಕ ಜೋತ ತನ್ನ ಕಿವಿಯ ಚಿನ್ನದ ಗುಂಡುಗಳನ್ನು ಒಂದೊಂದಾಗಿ ಬಿಚ್ಚಿ ಮಡಿಲಿಗೆ ಹಾಕಿಕೊಂಡಳು.

"ಡಾಕ್ಟರಮ್ಮಾ, ನಂದೂ ಹೊಲೀತೀರಾ? ಮದುವೆ ಆದಾಗಿಂದ ಒಂದಿನಾನೂ ಮಗ್ಗುಲಾಗಿ ಮಲಗಿ ನಿದ್ದೆ ಮಾಡಿಲ್ಲ."