ನರಸಪ್ಪನ ತುಟಿಗೆ ದ್ರಾಕ್ಷಿ ರಸ

ಕಾಡುಗೋಡಿಯಲ್ಲಿ ಈಗ ಬಾಡಿಗೆ ರೂಮುಗಳು ಸಾಲಾಗಿ ನಿಂತಿರುವ ಕಡೆ ಹಿಂದೆ ನರಸಪ್ಪನ ದ್ರಾಕ್ಷಿ ಚಪ್ಪರವಿತ್ತು. ಚಪ್ಪರ ಕಿತ್ತು ರೂಮು ಕಟ್ಟಿಸುವಾಗಲೂ ಆತ ನಲ್ಲಿಯ ಪಕ್ಕ ಒಂದು ಬಳ್ಳಿ ಉಳಿಸಿಕೊಂಡ. ಬಾಡಿಗೆಯವರು ಗೊಂಚಲಿಗೆ ಕೈ ಹಾಕಿದರೆ ಬೇಡ ಅನ್ನುತ್ತಿರಲಿಲ್ಲ. ಜಗಲಿಯಿಂದಲೇ, "ಇನ್ನೊಂದು ವಾರ ತಡೀರಪ್ಪ, ಹುಳಿ ಐತೆ" ಅನ್ನುತ್ತಿದ್ದ.

ಅಂಥವನಿಗೆ ಮುಪ್ಪಿನಲ್ಲಿ ಅನ್ನನಾಳದ ಕ್ಯಾನ್ಸರು ಹಿಡಿಯಿತು. ಗುಣವಾಗುವ ಹಂತ ದಾಟಿದೆ, ನೋವಿಲ್ಲದಂತೆ ನೋಡಿಕೊಳ್ಳಬಹುದು ಎಂದು ದೊಡ್ಡಾಸ್ಪತ್ರೆಯವರೇ ಊರಾಚೆಯ ಆರೈಕೆ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಹೆಂಡತಿ ಅಶ್ವತ್ಥಮ್ಮನಿಗೂ ಪಕ್ಕದಲ್ಲೇ ಒಂದು ಮಂಚ ಕೊಟ್ಟರು. ಔಷಧಿ ಹತ್ತಿ ಗಂಡ ನರಳದೆ ನಿದ್ದೆ ಮಾಡಿದ್ದು ಕಂಡು ಅವಳ ಹೊಟ್ಟೆ ತಣ್ಣಗಾಗಿತ್ತು.

ಒಂದು ಬೆಳಿಗ್ಗೆ ನರ್ಸ್ ದೀಪಶ್ರೀ ಬಟ್ಟಲಲ್ಲಿ ನೀರು, ಒಂದಿಷ್ಟು ಹತ್ತಿ ತಂದಳು. "ಅಜ್ಜಿ, ತಾತಂಗೆ ಇನ್ನು ನುಂಗೋಕಾಗಲ್ಲ. ಆವಾಗಾವಾಗ ತುಟಿ, ನಾಲಿಗೆ ಒದ್ದೆ ಮಾಡ್ತಿರಿ."

ಅಶ್ವತ್ಥಮ್ಮ ಬಟ್ಟಲನ್ನು ಅತ್ತ ತಳ್ಳಿದಳು. ಮಾವನಿಗೂ ಅತ್ತೆಗೂ ಬಾಯಿಗೆ ಕೊನೆಯ ನೀರು ಬಿಟ್ಟವಳು ಅವಳೇ. ಎರಡು ಸಲವೂ ಬಟ್ಟಲು ಕೆಳಗಿಡುವಷ್ಟರಲ್ಲಿ ಉಸಿರು ನಿಂತಿತ್ತು.

"ನಾನು ಬಿಡಾಕಿಲ್ಲ ತಾಯಿ. ನನ್ನ ಕೈಯಾರೆ ಕಳಿಸು ಅಂತೀಯಾ?"

"ಕಳಿಸೋಕಲ್ಲ ಅಜ್ಜಿ, ದಾಹಕ್ಕೆ," ಎಂದು ದೀಪಶ್ರೀ ತಾನೇ ಹತ್ತಿ ಅದ್ದಿ ಅವನ ತುಟಿಯ ಬಳಿ ತಂದಳು. ನರಸಪ್ಪ ಹೆಂಡತಿಯ ಮುಖ ನೋಡಿ ಬಾಯಿ ಬಿಗಿದುಕೊಂಡ.

ಬಿಸಿಲೇರಿದಂತೆ ಅವನ ತುಟಿ ಸಿಪ್ಪೆಯೆದ್ದಿತು. "ಅಮ್ಮಿ, ಬಾಯಿ ಒಣಗ್ತೈತೆ," ಎಂದ. ಅಶ್ವತ್ಥಮ್ಮ ಸೆರಗಿನ ತುದಿ ಹಿಂಡುತ್ತ ಕೂತಳು. ಕೊಟ್ಟರೆ ಹೋಗಿಬಿಡುತ್ತಾನೆ, ಕೊಡದಿದ್ದರೆ ಬಾಯಾರಿ ಒದ್ದಾಡುತ್ತಾನೆ.

ಅಷ್ಟರಲ್ಲಿ ಮೈದುನ ರಾಮಾಂಜಿನಪ್ಪ ನೋಡಲು ಬಂದ. ಕೈಯಲ್ಲಿ ನಲ್ಲಿ ಪಕ್ಕದ ಬಳ್ಳಿಯದೇ ಒಂದು ಗೊಂಚಲು. ಅಶ್ವತ್ಥಮ್ಮ ಅದನ್ನೇ ನೋಡಿದಳು. ಆಮೇಲೆ ದೀಪಶ್ರೀಯನ್ನು ಕರೆದು, "ಇದು ನೀರಲ್ವಲ್ಲ ತಾಯಿ?" ಎಂದು ಕೇಳಿದಳು.

ದೀಪಶ್ರೀಗೆ ಅರ್ಥವಾಯಿತು. "ಅಲ್ಲ ಅಜ್ಜಿ. ಬಾಯಲ್ಲಿ ಹುಣ್ಣೂ ಇಲ್ಲ. ಹತ್ತಿ ಚೆನ್ನಾಗಿ ಹಿಂಡಿ, ಸುಮ್ನೆ ಸವರಿ."

ಅಶ್ವತ್ಥಮ್ಮ ಎರಡು ಹಣ್ಣು ಕಿವುಚಿ, ರಸ ಸೋಸಿ, ತುಟಿಗೆ ಸವರಿದಳು. ನರಸಪ್ಪ ನಾಲಿಗೆ ಆಡಿಸಿ ಮುಖ ಕಿವುಚಿದ.

"ಹುಳಿ. ಇನ್ನೊಂದು ವಾರ ತಡೀಬೇಕಿತ್ತು."

"ತಡಿ ಮತ್ತೆ. ಯಾರು ಬ್ಯಾಡ ಅಂದೋರು?"

ಅವನ ಕಣ್ಣು ನಕ್ಕಿತು. "ಈಗ ನೀರು ಕೊಡಮ್ಮಿ."

ಅವಳು ಬಟ್ಟಲು ಹತ್ತಿರ ಎಳೆದುಕೊಂಡಳು. ಹತ್ತಿ ಅದ್ದಿ, ಕಣ್ಣು ಮುಚ್ಚಿಕೊಂಡೇ ತುಟಿಗಿಟ್ಟಳು. ತೆರೆದಾಗ ಆತ ಅವಳನ್ನೇ ನೋಡುತ್ತಿದ್ದ.

"ಇಲ್ಲೇ ಇವ್ನಿ ಕಣೆ," ಎಂದ.

ಅಂದಿನಿಂದ ಆ ಬಟ್ಟಲನ್ನು ಅವಳು ಯಾರ ಕೈಗೂ ಕೊಡಲಿಲ್ಲ. ಅವನು ಎಚ್ಚರವಿದ್ದಾಗ ಊರ ಸುದ್ದಿ ಹೇಳುತ್ತ ಸವರುವಳು, ಮಂಪರಿನಲ್ಲಿದ್ದಾಗ ಸುಮ್ಮನೆ ಸವರುವಳು. ಕೆಲವು ದಿನ ಕಳೆದು ಒಂದು ಮುಂಜಾನೆ, ಅವಳು ಬಟ್ಟಲು ತೊಳೆದು ತರುವಷ್ಟರಲ್ಲಿ ನರಸಪ್ಪ ನಿದ್ದೆಯಲ್ಲೇ ಹೋಗಿದ್ದ. ತುಟಿ ಇನ್ನೂ ತೇವವಾಗಿತ್ತು.

ಓಡಿ ಬಂದ ರಾಮಾಂಜಿನಪ್ಪ ಅಣ್ಣನ ಕಾಲು ಮುಟ್ಟಿ ಕಣ್ಣೊರೆಸಿಕೊಂಡ. "ಕೊನೇಗಳಿಗೇಲಿ ನೀರು ಕೊಟ್ರಾ ಅತ್ಗೆ?"

ಬಟ್ಟಲು ಅವಳ ಮಡಿಲಲ್ಲೇ ಇತ್ತು.

"ಬಾಯಿ ಒಣಗಾಕೇ ಬಿಟ್ಟಿಲ್ಲ ಕಣಪ್ಪ," ಎಂದಳು ಅಶ್ವತ್ಥಮ್ಮ.