ತುಂಬಿದ ದೋಣಿ, ಚಳಿಗಾಲದ ಸುಳಿ

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷದ ಸಂಕ್ರಾಂತಿ. ಆಗ ನಾನು ಕರಾವಳಿಯ ಒಂದು ಕೇಂದ್ರದಲ್ಲಿ ಸಮುದ್ರ ವಿಜ್ಞಾನಿ. ನೀರಿನ ಪ್ರವಾಹ ಎತ್ತ ಹೋಗುತ್ತದೆಂದು ಮುನ್ಸೂಚನೆ ಕೊಡುವುದು ನನ್ನ ಕೆಲಸ. ರಜೆ ಹಾಕಿ ದಂಡಿಗನಹಳ್ಳಿಯ ಅಣ್ಣನ ಮನೆಗೆ ಬಂದಿದ್ದೆ. ಸಮುದ್ರವನ್ನೇ ಕಾಣದ ಊರಿನವಳು ಸಮುದ್ರದ ಸಂಬಳ ತಿನ್ನುತ್ತಾಳೆಂದು ಮನೆಯವರಿಗೆಲ್ಲ ನಗು.

ಬೆಳಿಗ್ಗೆ ಸಹೋದ್ಯೋಗಿ ಪ್ರಕಾಶ್ ಫೋನ್ ಮಾಡಿದ. ಲಕ್ಷದ್ವೀಪದ ಆಚೆ ಎಂಜಿನ್ ಕೆಟ್ಟು ನಿಂತ ಮೀನುಗಾರಿಕಾ ದೋಣಿಯಿಂದ ಮೂರು ದಿನವಾದರೂ ಸುದ್ದಿಯಿಲ್ಲ. ಅದರಲ್ಲಿ ಆರು ಜನ. ಮಧ್ಯಾಹ್ನ ಹೊರಡುವ ಶೋಧ ವಿಮಾನ ಒಂದೇ. ಈಶಾನ್ಯದ ಗಾಳಿ ದೋಣಿಯನ್ನು ನೈಋತ್ಯಕ್ಕೆ ನೂಕಿರುತ್ತದೆ ಎಂದಿತ್ತು ನಮ್ಮ ಕಂಪ್ಯೂಟರ್ ಮಾಡೆಲ್.

"ಅಲ್ಲಿಗೇ ಕಳಿಸಲಾ ಮೇಡಂ?"

"ಸ್ವಲ್ಪ ತಡೆಯಿರಿ, ಲೈನಲ್ಲೇ ಇರಿ" ಎಂದೆ. ಪ್ರತಿ ಚಳಿಗಾಲದಲ್ಲೂ ಅಲ್ಲೊಂದು ಸುಳಿ ಹುಟ್ಟುತ್ತದೆ. ನೂರಾರು ಕಿಲೋಮೀಟರ್ ಅಗಲ, ಆದರೆ ನಡುವೆ ನೀರು ಉಬ್ಬುವುದು ಒಂದು ಗೇಣಿನಷ್ಟೂ ಇಲ್ಲ. ಅದರ ಮೇಲೇ ಹಡಗಿನಲ್ಲಿ ಹೋದರೂ ಕಣ್ಣಿಗೆ ಕಾಣದು. ಅದನ್ನು ಎಬ್ಬಿಸುವ ಗಾಳಿ ಹೆಚ್ಚಾಗಿ ಬೀಸುವುದು ಬಂಗಾಳ ಕೊಲ್ಲಿಯಲ್ಲಿ. ಆ ನೂಕು ಉದ್ದನೆಯ ಅಲೆಯಾಗಿ ದೇಶದ ದಕ್ಷಿಣ ತುದಿಯನ್ನು ಬಳಸಿ ಬಂದು ಇಲ್ಲಿ ಮೆಲ್ಲಗೆ ತಿರುಗತೊಡಗುತ್ತದೆ. ಎಲ್ಲೋ ಬೀಸಿದ ಗಾಳಿಗೆ ಇನ್ನೆಲ್ಲೋ ಸುಳಿ! ಎಷ್ಟು ವರ್ಷ ಓದಿದರೂ ನನಗೆ ಇದರ ಬೆರಗು ಹೋಗಿಲ್ಲ. ದೋಣಿ ನಿಂತದ್ದು ಸುಳಿಯ ಪಶ್ಚಿಮದ ಅಂಚಿನಲ್ಲಿ. ಅಲ್ಲಿ ನೀರು ಉತ್ತರಕ್ಕೆ ಹರಿಯುತ್ತದೆ. ದೋಣಿ ಗಾಳಿಯ ಮಾತು ಕೇಳಿತೋ, ನೀರಿನ ಮಾತು ಕೇಳಿತೋ?

ನಾನು ನಿಂತಿದ್ದದ್ದು ಕಣದಲ್ಲಿ. ಅತ್ತಿಗೆ ಜಯಮ್ಮ ಸ್ಟೂಲ್ ಹತ್ತಿ ರಾಗಿ ತೂರುತ್ತಿದ್ದರು.

"ಗಾಳಿ ಬಂದಾಗ ತೂರ್ಕಬೇಕು ಕಣವ್ವಾ, ನಿನ್ ಫೋನು ಆಮ್ಯಾಕೆ. ಆ ಮೊರ ಎತ್ಕೊಡು."

ಕೊಟ್ಟೆ. ಹೊಟ್ಟು ಬಿಸಿಲಲ್ಲಿ ಹೊಳೆಯುತ್ತ, ತೇಲುತ್ತ ಹೊಂಗೆ ಮರದವರೆಗೂ ಹೋಯಿತು. ರಾಗಿ ಮಾತ್ರ ನೇರವಾಗಿ ಅವರ ಕಾಲ ಬಳಿ ಬಿತ್ತು. ಗಾಳಿ ಒಂದೇ. ನೋಡುತ್ತ ನಿಂತವಳಿಗೆ ಕಣವೇ ನೀಲಿಯಾಗಿ ಮೆಲ್ಲಗೆ ತಿರುಗಿದಂತಾಯಿತು. ಆಮೇಲೆ ಹೊಳೆಯಿತು. ನಾವು ದೋಣಿಯನ್ನು ಹೊಟ್ಟಿನಂತೆ ಹಗುರವೆಂದು ಲೆಕ್ಕ ಹಾಕಿದ್ದೆವು.

"ಪ್ರಕಾಶ್, ದೋಣಿಯಲ್ಲಿ ಮೀನಿತ್ತಾ? ಮಾಲೀಕರನ್ನ ಕೇಳಿ."

ಭರ್ತಿ ಮೀನು, ಐಸು ತುಂಬಿಕೊಂಡು ಮರಳುತ್ತಿದ್ದರಂತೆ. ಭಾರದ ದೋಣಿ ನೀರಿನಲ್ಲಿ ಆಳಕ್ಕೆ ಕೂರುತ್ತದೆ, ಗಾಳಿಗೆ ಅಷ್ಟಾಗಿ ಸಿಗದೆ ನೀರು ಹರಿದತ್ತ ಹೋಗುತ್ತದೆ. ಆದರೆ ಹಗುರಾಗಲೆಂದು ಮೀನನ್ನು ಚೆಲ್ಲಿದ್ದರೆ? "ಹಿಡಿದ ಮೀನು ಬಿಸಾಡೋ ಆಸಾಮಿ ಅಲ್ಲ ನಮ್ಮ ಚಾಲಕ" ಎಂದಿದ್ದರಂತೆ ಮಾಲೀಕರು. ನಾನು ನೋಡದ ಒಬ್ಬ ಮನುಷ್ಯನ ಹಟವನ್ನು ನಂಬಿ ಹೇಳಿದೆ: "ಉತ್ತರಕ್ಕೆ ಕಳಿಸಿ."

ಮಧ್ಯಾಹ್ನದ ಮುದ್ದೆ ತಟ್ಟೆಯಲ್ಲೇ ಆರಿತು. ತಪ್ಪಿದ್ದರೆ ಆ ಆರು ಜನರಿಗೆ ಕುಡಿಯುವ ನೀರಿಲ್ಲದ ಇನ್ನೊಂದು ರಾತ್ರಿ. ಹೊತ್ತು ಮುಳುಗುವಾಗ ಫೋನ್ ಬಂತು. ಉತ್ತರದಲ್ಲೇ ಸಿಕ್ಕಿದ್ದರು, ಆರೂ ಜನ ಜೀವಂತ. ಮೀನು ಕೊಳೆತು ನಾರುತ್ತಿತ್ತಂತೆ, ಒಂದನ್ನೂ ಬಿಸಾಡಿರಲಿಲ್ಲ. ರಾಗಿ ರಾಶಿಯ ಪಕ್ಕ ಕೂತು ಅತ್ತುಬಿಟ್ಟೆ.

"ಸಿಕ್ಕುದ್ರಂತಾ?" ಅತ್ತಿಗೆ ಕೇಳಿದರು.

"ಸಿಕ್ಕಿದ್ರು ಅತ್ತಿಗೆ. ಮೀನೆಲ್ಲ ಹಾಳಾಯ್ತಂತೆ."

"ಓಗ್ಲಿ ಬುಡು. ಕಾಳು ಉಳ್ಕತಲ್ಲ."

ನಿವೃತ್ತಿಯವರೆಗೂ, ದೋಣಿ ಕಳೆದಿದೆಯೆಂದು ಯಾರೇ ಫೋನ್ ಮಾಡಲಿ, ಗಾಳಿ ಎತ್ತ ಬೀಸುತ್ತಿದೆಯೆಂದು ನಾನು ಮೊದಲು ಕೇಳಲಿಲ್ಲ. ಒಳಗೆ ಏನಿತ್ತು ಎಂದು ಕೇಳುತ್ತಿದ್ದೆ.